ವಿರೋಧಕ್ಕೆ ನಿಂತ ಹೀರೋ

ಮೈಕ್ ಮುಂದೆ ನಡುಗೋರನ್ನ ನೀವು ಬೇಕಾದಷ್ಟು ನೋಡಿರ್ತೀರಿ. ನನ್ನನ್ನ ನೋಡಿದ್ರೆ ಮೈಕೇ ನಡುಗುತ್ತೆ ಸ್ವಾಮಿ! ಮೊನ್ನೆ ಕಾಲೇಜಿನ ಚರ್ಚಾಸ್ಪರ್ಧೇಲಿ ಫಸ್ಟ್ ಪ್ರೈಜ್ ಯಾರಿಗೆ? ನಂಗೇ.

ವಿಷಯ: 'ಜನರ ಆಸ್ಪತ್ರೆ ಖರ್ಚನ್ನ ಸರ್ಕಾರವೇ ಕೊಡಬೇಕು.' ಪರ ಮಾತಾಡೋರಿಗೊಂದು ಬಹುಮಾನ, ವಿರೋಧದೋರಿಗೊಂದು. ನಮ್ಮ ಕ್ಲಾಸಿಂದ ಪರ ತಸ್ಲೀಮಾ, ವಿರೋಧ ನಾನು. "ಬಹುಮಾನ ತಂದ್ರೆ ನಿನ್ನ ಅಟೆಂಡೆನ್ಸ್ ಕೊರತೆ ಮಾಫಿ. ಇಲ್ದಿದ್ರೆ ಪರೀಕ್ಷೆ ಮರೆತುಬಿಡು" ಅಂತ ನಂಗೆ ಹೇಳಿದ್ರು ಪ್ರಿನ್ಸಿಪಾಲರು.

ತಸ್ಲೀಮಾ ಮೆಲ್ಲಗೆ, "ಕಾಯಿಲೆ ಯಾರ ಮನೆಗಾದ್ರೂ ಬರುತ್ತೆ. ಎಲ್ರೂ ತೆರಿಗೆ ಕಟ್ಟಿ ಎಲ್ರನ್ನೂ ಉಳಿಸೋಣ" ಅಂದ್ಲು. ಭರ್ಜರಿ ಚಪ್ಪಾಳೆ.

ನಾನೆದ್ದು ಕಾಲರ್ ಎತ್ತಿದೆ. "ನನ್ನ ಮೈ, ನನ್ನ ನೋವು, ನನ್ನ ಬಿಲ್ಲು! ಈ ಕೈ ಏಟು ಕೊಡೋಕೆ ಏಳುತ್ತೆ ಹೊರತು, ಇನ್ನೊಬ್ರ ಮುಂದೆ ಚಾಚೋಕಲ್ಲ!" ಅಂತ ಮೇಜಿಗೆ ಗುದ್ದಿದೆ. ಇಡೀ ಸಭೆ ಎದ್ದು ನಿಂತ್ಕೊಳ್ತು!

ಫಲಿತಾಂಶದಲ್ಲಿ ಮೊದಲು ಕೂಗಿದ್ದೇ ನನ್ನ ಹೆಸರು. ತಸ್ಲೀಮಾ ಹಲ್ಲು ಕಡಿದ್ಲು. "ನಾಚಿಕೆ ಆಗಲ್ವೇನೋ? ಯಾರಿಗಾದ್ರೂ ಹೇಳೋದಾದ್ರೆ ಪೂರ್ತಿ ಹೇಳು."

ಸರಿ, ಹೇಳ್ತೀನಿ. ಆ ಮೇಜಿಗೆ ಹಾಸಿದ್ದು ಕಡಪ ಕಲ್ಲು. ಎರಡು ಬೆರಳು ಮುರೀತು. ಮೈಕ್ ಆನ್ ಇತ್ತು. "ಅಯ್ಯಯ್ಯೋ, ಆಸ್ಪತ್ರೆಗೆ ಸೇರಿಸ್ರಪ್ಪೋ! ನನ್ಹತ್ರ ಕಾಸಿಲ್ಲ, ಎಲ್ರೂ ಸೇರಿ ಕಟ್ರಪ್ಪೋ!" ಅಂತ ಗೇಟಿನ ತನಕ ಕೇಳೋ ಹಾಗೆ ಅತ್ತಿದ್ದೆ. ಫಸ್ಟ್ ಪ್ರೈಜ್ ಬಂದಿದ್ದು ಸುಳ್ಳಲ್ಲ. ತೀರ್ಪುಗಾರರು ಅದನ್ನ ಕೊಟ್ಟಿದ್ದು ಪರ ವಿಭಾಗದಲ್ಲಿ.