ಅಪ್ಪನ ಗಡಿಯಾರದಂಥದ್ದೇ

"ಕಳ್ಳೀ!" ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಬ್ಲೇಸ್ ಕೂಗಿದ. "ಕದ್ದ ಗಡಿಯಾರದ ನಕಲು ಹೊಡೆದು ಕಿಟಕೀಲಿ ಇಟ್ಟಿದೀಯಲ್ಲೇ, ನಾಚಿಕೆ ಆಗಲ್ವಾ ನಿನಗೆ?"

ಮೇಜಿನ ಹಿಂದಿದ್ದ ಓಡಿಲ್ ತಲೆ ಎತ್ತಿದಳು. ಅಣ್ಣನನ್ನು ಕಂಡು ಮುಖ ಗಂಟಿಕ್ಕಿದಳು. ಅವನ ಹಿಂದೆ ಊರುಗೋಲು ಹಿಡಿದು ಬಂದ ಅಮ್ಮನನ್ನು ಕಂಡು ಎದ್ದು ನಿಂತಳು. ಅಮ್ಮ ಜೆರ್ಮೆನ್ ಮಗಳ ಕಡೆ ನೋಡಲೂ ಇಲ್ಲ. ಬೂಟಿಗೆ ಅಂಟಿದ್ದ ಹಿಮ ಕೊಡವಿ ಕುರ್ಚಿಯಲ್ಲಿ ಕುಳಿತಳು.

ಇವತ್ತು ಇದು ಇತ್ಯರ್ಥವಾಗಲೇಬೇಕು ಎಂದು ಬ್ಲೇಸ್ ಹಟ ಹಿಡಿದು ಬಂದಿದ್ದ. ಅಪ್ಪ ಹರೆಯದಲ್ಲಿ ಕೈಯಾರೆ ಮಾಡಿ ಕಟ್ಟಿಕೊಂಡಿದ್ದ ಗಡಿಯಾರ ಅದು. ಅದರ ಸಮೇತವೇ ಮಣ್ಣು ಮಾಡಿ ಎಂದು ಹೇಳಿಯೇ ಕಣ್ಣು ಮುಚ್ಚಿದ್ದ. ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ನೋಡಿದರೆ ಮಣಿಕಟ್ಟು ಖಾಲಿ! ಬ್ಲೇಸ್ ಎದ್ದು ಹೋದ ಮೇಲೆ ಶವದ ಪಕ್ಕ ಕೊನೆಗೆ ಕೂತವಳು ಓಡಿಲ್. ಇನ್ನೇನು ಬೇಕು? ಬ್ಲೇಸ್ ಎಲ್ಲರೆದುರು ಅವಳತ್ತ ಬೆರಳು ತೋರಿಸಿದ. ಅಮ್ಮ ಅವಳನ್ನು ಮನೆಯಿಂದಲೇ ಹೊರಗೆ ಹಾಕಿದಳು. ಮನೆಗೊಬ್ಬ ಗಡಿಯಾರದವನಿರುವ ಲೆ ಲೋಕ್ಲ್ ಊರಿನಲ್ಲಿ ಹೆಣದ ಕೈಯಿಂದ ಕದ್ದವಳಿಗೆ ಯಾರು ಕೆಲಸ ಕೊಟ್ಟಾರು? ಹಾಗಾಗಿ ಅವಳದೇ ಈ ಪುಟ್ಟ ಅಂಗಡಿ.

ಈಗ ಊರೆಲ್ಲ ಅವಳ ಹೊಸ ಗಡಿಯಾರದ್ದೇ ಮಾತು. ಹೊಸದಾದರೂ ಹಳೆ ಕಾಲದ ಚಂದ. ಕೆನೆ ಬಣ್ಣದ ಮುಖ, ಕೆಂಡಕ್ಕೆ ಹಿಡಿದು ನೀಲಿ ಮಾಡಿದ ಮುಳ್ಳು. ಬೇಕರಿಯಲ್ಲಿ ಯಾರೋ ಪುಣ್ಯಾತ್ಮರು ಅಮ್ಮನ ಕಿವಿಗೂ ಹಾಕಿದ್ದರು. ಬೆಳಗ್ಗೆ ಕಾಫಿ ಕುಡಿಯುತ್ತ ಅಮ್ಮ, "ಕದ್ದವಳು ಹೀಗೆ ಊರಿಗೆಲ್ಲ ತೋರಿಸ್ಕೊಂಡು ಕೂತಿರ್ತಾಳೇನೋ? ನಾನೇ ದುಡುಕಿದ್ನೋ ಏನೋ. ಮನೆಗೆ ಕರೆಯೋಣ" ಎಂದಾಗ ಬ್ಲೇಸ್‌ನ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತ್ತು. ಮೆತ್ತಗಾದ ಆ ಮನಸ್ಸನ್ನು ಮತ್ತೆ ಗಟ್ಟಿ ಮಾಡದಿದ್ದರೆ ಓಡಿಲ್ ಮನೆ ಸೇರುವುದು ಖಂಡಿತ. ಅದಕ್ಕೇ ಅಮ್ಮನನ್ನು ಅವನೇ ಕರೆತಂದಿದ್ದ.

"ನೆನಪಿನಿಂದ ಮಾಡಿದ್ದು," ಎಂದಳು ಓಡಿಲ್. "ಅಪ್ಪನ ಕೈ ನೋಡ್ಕೊಂಡೇ ಬೆಳೆದವಳು ನಾನು."

"ಓಹೋಹೋ, ನೆನಪು! ಏಳರ ಅಂಕಿಯ ಬಾಲದ ಕೊಂಕೂ ನೆನಪು, ಚಾವಿಯ ಹಲ್ಲೂ ನೆನಪು! ಯಾರ ಕಿವಿಗೆ ಹೂ ಇಡ್ತೀಯೇ? ಅದು ಎದುರಿಗೆ ಇಲ್ದೆ ಇಷ್ಟು ಕರಾರುವಾಕ್ಕಾಗಿ ಯಾರಿಂದಲೂ ಮಾಡೋಕಾಗಲ್ಲ."

"ನಿನ್ನಿಂದ ಆಗಲ್ಲ ಅನ್ನು. ಅದಕ್ಕೇ ಹೊಟ್ಟೆ ಉರ್ಕೋತಿದೀಯ."

"ಬಾಯಿ ಮುಚ್ಚೇ! ಹೆತ್ತಪ್ಪನ ಹೆಣ ಬಿಡದವಳು..."

"ಇನ್ನೊಂದ್ಸಲ ಅಂದು ನೋಡು, ಅಣ್ಣ ಅಂತಾನೂ ನೋಡಲ್ಲ, ನಾಲಿಗೆ ಸೀಳ್ತೀನಿ."

ಅಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಸಾಕು ಮಾಡ್ರೋ ಇಬ್ರೂ. ಎಲ್ಲಿ, ಗಡಿಯಾರ ಕೊಡು."

ಓಡಿಲ್ ಕಿಟಕಿಯಿಂದ ಅದನ್ನು ತಂದು ಅಮ್ಮನ ಅಂಗೈಯಲ್ಲಿಟ್ಟಳು. ಮುದುಕಿ ಗಾಜನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. "ಥೇಟ್ ಅವರದ್ದೇ," ಎಂದವಳು ಮೊದಲ ಸಲ ಮಗಳ ಮುಖ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಹೊರಗಿನ ಥಳಕು ಯಾರು ಬೇಕಾದ್ರೂ ಮಾಡ್ತಾರೆ," ಎಂದ ಬ್ಲೇಸ್ ಅವಸರವಾಗಿ. "ಒಳಗೆ ಬಿಚ್ಚಿ ತೋರಿಸು."

ಓಡಿಲ್ ಹಿಂಬದಿಯ ಮುಚ್ಚಳ ತೆಗೆದಳು. ಕೈಯಾಡಿಸಿದ ಪ್ರತಿ ಗಡಿಯಾರದ ಮುಚ್ಚಳದ ಒಳಮೈಯಲ್ಲಿ, ಗಿರಾಕಿಗೆ ಕಾಣದಂತೆ, ತಮ್ಮ ಗುರುತು ಗೀಚುವುದು ಇಲ್ಲಿನ ಕಸುಬುದಾರರ ರೂಢಿ. ಅಪ್ಪನ ಗುರುತು ಒಂದು ಪುಟ್ಟ ಫರ್ ಮರ.

"ತನ್ನ ಗಡಿಯಾರಾನ ಅಪ್ಪ ಯಾರಿಗೂ ಬಿಚ್ಚೋಕೆ ಬಿಡ್ತಿರಲಿಲ್ಲ. ಒಳಗೆ ಏನಿತ್ತೋ ನಾ ಕಾಣೆ," ಎಂದಳು. "ಎಲ್ಲದಕ್ಕೂ ಹಾಕ್ತಿದ್ದ ಮರ ಹಾಕಿದೀನಿ."

ಬ್ಲೇಸ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ನೋಡಿದವನೇ ನಕ್ಕುಬಿಟ್ಟ. ಆಹಾ, ತಾನಾಗಿಯೇ ಸಿಕ್ಕಿಬಿದ್ದಳಲ್ಲ!

"ನೋಡಮ್ಮಾ, ನಿನ್ನ ಮಗಳ ದ್ವೇಷಾನ! ಬರೀ ಮರ. ಮರದ ಕೆಳಗೆ ನಿನ್ನ ಹೆಸರೆಲ್ಲಿ? ಮನೆಯಿಂದ ಹಾಕಿದ ಸಿಟ್ಟಿಗೆ 'ಜೆರ್ಮೆನ್' ಅನ್ನೋದನ್ನ ಬೇಕಂತಲೇ ಬಿಟ್ಟಿದಾಳೆ. ಇಂಥವಳನ್ನ ಮನೆಗೆ ಕರೀತೀಯಾ?"

ಅಮ್ಮ ಮುಚ್ಚಳವನ್ನು ಮೇಜಿನ ಮೇಲಿಟ್ಟು ಕಷ್ಟಪಟ್ಟು ಎದ್ದಳು. ಗೆದ್ದೆ ಎಂದುಕೊಂಡ ಬ್ಲೇಸ್, ಆಸರೆಗೆಂದು ತೋಳು ಚಾಚಿದ. ಅವಳು ಅವನನ್ನು ದಾಟಿ ಹೋಗಿ ಓಡಿಲ್‌ಳ ತೋಳು ಹಿಡಿದಳು.

"ಸಾಯೋ ಹಿಂದಿನ ಸಂಜೆ ಆಸ್ಪತ್ರೇಲಿ ನನ್ನ ಹತ್ರ ಸೂಜಿ ಇಸ್ಕೊಂಡು ನಿಮ್ಮಪ್ಪ ನನ್ನ ಹೆಸರು ಗೀಚಿದ್ರು, ಮುಚ್ಚಳ ಹಾಕಿ ಕೈಗೆ ಕಟ್ಟಿದವಳು ನಾನು, ಕೋಣೇಲಿ ನಾವಿಬ್ರು ಬಿಟ್ರೆ ಯಾರೂ ಇರಲಿಲ್ಲ. ಅದನ್ನ ನೀನು ಯಾವಾಗ ಓದಿದ್ಯೋ, ಬ್ಲೇಸ್?"