ಗೋಲ್ಕೊಂಡದಲ್ಲಿ ಹೊಡೆಯದ ಚಪ್ಪಾಳೆ

ಹಿಮಾಯತ್‌ನಗರದಲ್ಲಿ ರಸ್ತೆ ಕೊರೆಯುವಾಗ ಏಳುವ ಕಲ್ಲುಪುಡಿಯ ವಾಸನೆ ಇಂದಿಗೂ ನನ್ನನ್ನು ಗೋಲ್ಕೊಂಡ ಕೋಟೆಯ ಬಾಗಿಲಿಗೆ ಕರೆದೊಯ್ಯುತ್ತದೆ.

ಅಪ್ಪನ ಅಂಗಿಗೂ ಅದೇ ವಾಸನೆಯಿತ್ತು. ಅವನದು ಕಿವಿಗಡಚಿಕ್ಕುವ ಮಷೀನಿನಲ್ಲಿ ಬಂಡೆ ಕೊರೆಯುವ ಕೆಲಸ. "ಇಲ್ಲೇ ನಿಂತು ಚಪ್ಪಾಳಿ ಹೊಡಿ ಮಗಾ, ಮ್ಯಾಲಿನ ತನಕ ಕೇಳಸ್ತೈತಿ" ಎಂದು ಹೇಳಿ ಅವನೊಬ್ಬನೇ ಮೆಟ್ಟಿಲು ಹತ್ತಿದ. ಆ ಸುಡುಬಿಸಿಲಿಗೆ ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕೈ ಎತ್ತಿದೊಡನೆ ಅವ್ವ ಮಣಿಕಟ್ಟು ಹಿಡಿದುಕೊಂಡಳು.

"ಸುಮ್ಮನಿರು. ನಿಮ್ಮಪ್ಪಗ ಖರೇನ ಕೇಳಸ್ತೈತೇನ ನೋಡೂಣು."

ಮೇಲಿನಿಂದ ಅಪ್ಪ ಟವೆಲ್ ಬೀಸಿದ. ಇಳಿದು ಬಂದವನು, "ಭಾಳ ಜೋರ ಹೊಡದಿ, ಕಿವಿ ಗುಂಯ್ ಅಂತು" ಎಂದು ನಕ್ಕ.

ನನಗೆ ಏನೂ ತಿಳಿಯದೆ ಅವ್ವನ ಮುಖ ನೋಡಿದೆ. ಅವಳು ಅವನ ಕಿವಿಯ ಹತ್ತಿರ ಬಾಗಿ, ದನಿ ಏರಿಸಿ, "ಹೌದ್ರಿ, ಹುಡುಗೀ ಕೈ ಕೆಂಪಗಾಗ್ಯಾವ" ಎಂದು ನನ್ನ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿದಳು.