ಎರಡು ನಿಮಿಷಕ್ಕೆ ತಂದ ಪಿಪೆಟ್

ಗಂಡನನ್ನು ಮಣ್ಣು ಮಾಡಿ ಕೆಲಸಕ್ಕೆ ಮರಳಿದ ಮೊದಲ ಬೆಳಿಗ್ಗೆ, ಲ್ಯಾಬಿನ ಯಂತ್ರ ತೋರಿಸಿದ ೪೧೨ ಎಂಬ ಸಂಖ್ಯೆಯನ್ನು ನಂಬಲಾಗದೆ ಅವಳು ನಿಂತಿದ್ದಳು. ರಕ್ತ ಇಪ್ಪತ್ತಾರರ ಹೆಂಗಸೊಬ್ಬಳದು. ಬಸುರಿಯಲ್ಲ, ಆದರೂ ಬಸಿರಿನ ಹಾರ್ಮೋನು ಇಷ್ಟಿದ್ದರೆ ಗಡ್ಡೆಯೇ ಇರಬೇಕೆಂದು ವೈದ್ಯರು ಹನ್ನೊಂದಕ್ಕೆ ಗರ್ಭಕೋಶ ತೆಗೆಯುವವರಿದ್ದರು. ನಿಜವಾಗಿದ್ದರೆ ಮೂತ್ರದಲ್ಲೂ ಕಾಣಬೇಕಿತ್ತು, ಅಲ್ಲಿ ಮಾತ್ರ ಆ ಹಾರ್ಮೋನಿನ ಸುಳಿವೇ ಇರಲಿಲ್ಲ.

“ಎರಡು ಸಲ ನೋಡಿದೀವಿ, ನಿನ್ನೆ ಡಾಕ್ಟರಿಗೆ ಹೇಳಿದ್ದೇ ಇವತ್ತೂ ಬಂದಿದೆ. ರಿಪೋರ್ಟ್ ಕಳ್ಸಮ್ಮ,” ಎಂದರು ಹಿರಿಯ ಟೆಕ್ನಿಷಿಯನ್ ಅಕ್ಕ.

“ಅವಳ ರಕ್ತದಲ್ಲಿರೋ ಯಾವುದೋ ಪ್ರತಿಕಾಯ ಯಂತ್ರಕ್ಕೆ ಮಂಕುಬೂದಿ ಎರಚ್ತಿರಬಹುದು ಅಕ್ಕ. ಅರ್ಧಕ್ಕೆ ತೆಳು ಮಾಡಿ ನೋಡ್ತೀನಿ. ನಿಜ ಆಗಿದ್ರೆ ಸಂಖ್ಯೆನೂ ಅರ್ಧ ಆಗ್ಬೇಕು.”

“ನಿಂಗೀಗ ಎಲ್ಲಾ ರಿಪೋರ್ಟೂ ಸುಳ್ಳು ಅನ್ನಿಸುತ್ತೆ ಕಣೇ,” ಅಕ್ಕ ಮೆಲ್ಲಗೆ ಹೇಳಿದರು.

ಮಾತು ಎದೆಗೆ ನಾಟಿತು. ಗಂಡನ ರಿಪೋರ್ಟುಗಳು ಸುಳ್ಳಾಗಲಿ ಎಂದು ಮೂರು ವಾರ ಹಂಬಲಿಸಿದವಳು ಅವಳು, ಒಂದೂ ಸುಳ್ಳಾಗಿರಲಿಲ್ಲ. ಇದೇ ಲ್ಯಾಬಿನಲ್ಲಿ ಅವನು ಕೂರುತ್ತಿದ್ದ ಮೇಜಿನ ಡ್ರಾಯರ್ ತೆರೆದು, ಅಕ್ಕನ ಗುರುತಿನ ಹಸಿರು ಟೇಪು ಸುತ್ತಿದ್ದ, ಹನಿ ಅಳೆದು ಹಾಕುವ ಪಿಪೆಟ್ ತೆಗೆದಳು. ಎರಡು ನಿಮಿಷಕ್ಕೆಂದು ಕೇಳಿ ತಂದವನು ಎರಡು ತಿಂಗಳು ಇಟ್ಟುಕೊಂಡಿದ್ದ. ಅದರಿಂದಲೇ ರಕ್ತವನ್ನು ಅರ್ಧಕ್ಕೆ ತೆಳು ಮಾಡಿ ಯಂತ್ರಕ್ಕಿಟ್ಟಳು. ಇನ್ನೂರಾರು ಬಂದರೆ ಆ ಹುಡುಗಿಯ ಗರ್ಭಕೋಶ ಹೋದಂತೆಯೇ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಯಂತ್ರ ೩೧ ಎಂದಿತು.

ಅಕ್ಕ ಆಗಲೇ ಫೋನ್ ಎತ್ತಿದ್ದರು. “ಆಪರೇಷನ್ ನಿಲ್ಸಿ. ನಾವು ಕೊಟ್ಟ ಸಂಖ್ಯೆ ಸುಳ್ಳು.”

ಅವಳು ಪಿಪೆಟ್ಟನ್ನು ಒರೆಸಿ ಅಕ್ಕನ ಮುಂದಿಟ್ಟಳು. “ನಿಮ್ಮದು ಅಕ್ಕ. ಅವ್ರು ತಗೊಂಡಿದ್ರು.”